ದಾರದಕ್ಕನ ನೀಲಿ ಪೆಟ್ಟಿಗೆ

"ಕಾಲು ಒಳಗಿಟ್ಕೊಳ್ಳೇ, ಮುಂಡೇದೇ! ನಿನ್ ಪಾದದ ದರ್ಶನ ಮಾಡಿಸೋಕಾ ನಾವು ಯೋಜನೆ ತಂದಿರೋದು?"

ಯೋಜನೆಯ ಸಾಹೇಬರು ಹೀಗೆ ಕೂಗಿದಾಗ ದಾರದಕ್ಕ ನೆಲದ ಮೇಲೆ ಕೂತು, ಎರಡು ಪಾದಗಳ ನಡುವೆ ಹರಿದ ಬೂಟೊಂದನ್ನು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ದಾರ ಜಗ್ಗುತ್ತಿದ್ದಳು. ಕೈ ನಿಂತಿತು. ಕಾಲು ಮಾತ್ರ ಬೂಟನ್ನು ಬಿಡಲಿಲ್ಲ.

ಅವಳ ಬೆನ್ನ ಹಿಂದೆಯೇ ಹೊಚ್ಚ ಹೊಸ ನೀಲಿ ತಗಡಿನ ಪೆಟ್ಟಿಗೆಯಂಗಡಿ ನಿಂತಿತ್ತು. ಬಸ್ ನಿಲ್ದಾಣದ ಗೋಡೆಯುದ್ದಕ್ಕೂ ಅಂಥವು ಹನ್ನೆರಡು. ಬಡ ವ್ಯಾಪಾರಿಗಳನ್ನು ಉದ್ಯಮಿಗಳನ್ನಾಗಿ ಮಾಡುವ ಯೋಜನೆಯಡಿ ಬಂದವು. ಅಳತೆ ತೆಗೆದ ಪುಣ್ಯಾತ್ಮ ಹಣ್ಣಿನ ರಸದ ಅಂಗಡಿಯೊಂದನ್ನು ನೋಡಿ, ಒಂದು ಲೋಟ ಕುಡಿದು, ಹನ್ನೆರಡಕ್ಕೂ ಅದೇ ಅಳತೆ ಬರೆದಿದ್ದನಂತೆ. ಎದೆಯೆತ್ತರಕ್ಕೆ ಹಲಗೆ, ಅದರ ಹಿಂದೆ ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಕೂತರೆ ದಾರದಕ್ಕನ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಒಳಗೆ ನೆಲದ ಮೇಲೆ ಕೂತರೆ ಗಿರಾಕಿಗೆ ಅವಳು ಕಾಣಿಸಳು, ಅವಳಿಗೆ ಬೆಳಕು ಕಾಣಿಸದು. ಪಕ್ಕದ ಪೆಟ್ಟಿಗೆಯ ಕೀಲಿಮಾಮನಿಗೇನೋ ಹಲಗೆ ಹೇಳಿ ಮಾಡಿಸಿದಂತಿತ್ತು. ಬೀಗದ ಕೈ ಉಜ್ಜುವುದಕ್ಕೆ ಕಾಲು ಯಾಕೆ ಬೇಕು?

"ಸೋಮವಾರ ಪುರಸಭೆ ಅಧ್ಯಕ್ಷರು ಉದ್ಘಾಟನೆಗೆ ಬರ್ತಾರೆ," ಎಂದರು ಸಾಹೇಬರು. "ಪೆಟ್ಟಿಗೆ ಒಳಗೆ ಮರ್ಯಾದೆಯಾಗಿ ಕೂತು ಕೆಲಸ ಮಾಡಿ ತೋರಿಸ್ಬೇಕು. ನೆಲದ ಮೇಲೆ ಕಂಡ್ಯೋ, ಪೆಟ್ಟಿಗೇನೂ ಇಲ್ಲ, ಈ ಜಾಗಾನೂ ಇಲ್ಲ. ಮೊಬೈಲ್ ಕವರ್ ಮಾರೋ ಹುಡುಗ ಕಾಯ್ತಿದಾನೆ."

ಆ ಹುಡುಗ ತಮ್ಮ ಹೆಂಡತಿಯ ತಮ್ಮ ಎಂಬುದನ್ನು ಸಾಹೇಬರು ಹೇಳಲಿಲ್ಲ. ಇಡೀ ರಸ್ತೆಗೆ ಗೊತ್ತಿದ್ದ ವಿಷಯ, ಪಾಪ, ಮತ್ತೆ ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು?

ಹಾಗೆಂದು ದಾರದಕ್ಕ ತರಬೇತಿಗೆ ಚಕ್ಕರ್ ಹೊಡೆದವಳಲ್ಲ. ಮೂರು ದಿನ ಫ್ಯಾನಿನ ಕೆಳಗೆ ಕೂತು ಉದ್ಯಮಿಯಾಗುವುದನ್ನು ಕಲಿತಿದ್ದಳು. "ಗಿರಾಕಿ ಮುಖ ನೋಡಿ ನಗಬೇಕು ಅಕ್ಕ," ಎಂದು ತರಬೇತಿಯ ಮೇಡಂ ಹೇಳಿಕೊಟ್ಟರೆ, ಇವಳು ಗಿರಾಕಿಯ ಕಾಲು ನೋಡಿ ನಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಅಭ್ಯಾಸ. ಮುಖ ನೋಡಿ ಏನನ್ನು ಹೊಲಿಯುವುದು? ಮೇಡಂ ಒಳ್ಳೆಯವಳು, ನಕ್ಕು ಸರ್ಟಿಫಿಕೇಟ್ ಕೊಟ್ಟಳು.

ಮನೆಯೆಂದರೆ ಒಂದೇ ಕೋಣೆ. ಅಂದು ಸಂಜೆ ಬಾಗಿಲ ಬಳಿ ಅತ್ತೆ ದಾರಕ್ಕೆ ಮೇಣ ತೀಡುತ್ತಿದ್ದಳು. ಕಣ್ಣು ಮಂಜಾದರೂ ಬೆರಳಲ್ಲಿ ಇನ್ನೂ ಚುರುಕಿತ್ತು. ಸೊಸೆಗೆ ಕಸುಬು ಕಲಿಸಿದವಳೇ ಅವಳು.

"ಸ್ಟೂಲ್ ಮೇಲೆ ಕೂತು ಹೊಲೀಬೇಕಂತೆ ಅತ್ತೆ."

"ಅವನ ಬಾಯಿಗಿಷ್ಟು ಮಣ್ಣು ಹಾಕ. ಬೂಟು ಯಾರು ಹಿಡ್ಕೋತಾರಂತೆ, ಅವನಾ?"

ಇಬ್ಬರೂ ನಕ್ಕರು. ಆದರೆ ದಾರದಕ್ಕನಿಗೆ ಒಳಗೊಳಗೆ ಹೆದರಿಕೆಯೇ ಆಗಿತ್ತು. ಆ ಗೋಡೆಯ ಬುಡ ಹೋದರೆ ಅತ್ತೆಯ ಮಾತ್ರೆ, ಮಗಳ ಓದು, ಹೊತ್ತುವ ಒಲೆ, ಎಲ್ಲ ಅದರೊಂದಿಗೇ ಹೋಗುತ್ತಿದ್ದವು. ಭಾನುವಾರವಿಡೀ ಅವಳು ನೀರಿನ ಡ್ರಮ್ಮಿನ ಮೇಲೆ ಕೂತು, ಮೊಣಕಾಲ ನಡುವೆ ಬೂಟು ಸಿಕ್ಕಿಸಿ ಹೊಲಿದು ನೋಡಿದಳು. ದಬ್ಬಳ ಎರಡು ಸಲ ತೊಡೆಗೇ ಚುಚ್ಚಿತು.

ಸೋಮವಾರ ಬೆಳಿಗ್ಗೆ ರಿಬ್ಬನ್ನು, ಮೈಕು, ಕ್ಯಾಮೆರಾ ಎಲ್ಲ ಬಂದವು. ಕೀಲಿಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

"ಒಂದು ಗಂಟೆ ನಾಟಕ ಆಡಮ್ಮ," ಎಂದು ಪಿಸುಗುಟ್ಟಿದ. "ದಬ್ಬಳ ಹಿಡ್ಕೊಂಡು ಸುಮ್ನೆ ನಗ್ತಾ ಇರು. ಅವರು ಹೋದ್ಮೇಲೆ ನೆಲ ಎಲ್ಲಿಗೂ ಓಡಿಹೋಗಲ್ಲ."

ಅವಳೂ ಹಾಗೇ ಮಾಡುವವಳಿದ್ದಳು. ಆದರೆ ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಅವಳ ಪೆಟ್ಟಿಗೆಯ ಮುಂದೆ ನಿಂತದ್ದೂ, ಆಸ್ಪತ್ರೆಯ ನರ್ಸಮ್ಮ ಕುಂಟುತ್ತ ಓಡಿಬಂದದ್ದೂ ಒಂದೇ ಆಯಿತು. ಬೂಟಿನ ಅಟ್ಟೆ ಅರ್ಧ ಕಿತ್ತು ಬಾಯಿ ಬಿಟ್ಟಿತ್ತು.

"ಬೇಗ ಹಾಕ್ಕೊಡಕ್ಕ, ಡ್ಯೂಟಿಗೆ ಹೊತ್ತಾಯ್ತು. ಬಸ್ ಬಂದ್ಬಿಡುತ್ತೆ."

"ಹೊಲಿ, ಹೊಲಿ," ಸಾಹೇಬರು ಹಲ್ಲು ಕಿರಿದರು. "ಸಾರ್, ನಮ್ಮ ಫಲಾನುಭವಿ."

ಸ್ಟೂಲಿನ ಮೇಲೆ ಕೂತಿದ್ದ ದಾರದಕ್ಕ ಬೂಟನ್ನು ಮೊಣಕಾಲ ನಡುವೆ ಸಿಕ್ಕಿಸಿದಳು. ಅದು ಜಾರಿತು. ಮತ್ತೆ ಸಿಕ್ಕಿಸಿ ದಬ್ಬಳ ಒತ್ತಿದಳು. ಬೂಟು ಟಪ್ಪೆಂದು ಕೆಳಗೆ ಬಿತ್ತು, ದಬ್ಬಳ ಅಂಗೈಗೆ ನಾಟಿತು. ಕ್ಯಾಮೆರಾದವನು ಅದನ್ನೂ ಬಿಡದೆ ತೆಗೆದ.

"ಇನ್ನಷ್ಟು ತರಬೇತಿ ಬೇಕು ಅನ್ಸುತ್ತೆ," ಎಂದರು ಅಧ್ಯಕ್ಷರು, ಮರುಕದಿಂದಲೇ.

"ಎಷ್ಟು ಕಲಿಸಿದ್ರೂ ಅಷ್ಟೇ ಸಾರ್. ಈ ಜನಕ್ಕೆ ಕೆಲಸಾನೇ ಬರಲ್ಲ."

ಮುಂಡೇದೇ ಅಂದಾಗ ಸುಮ್ಮನಿದ್ದವಳಿಗೆ ಈ ಮಾತು ನೆತ್ತಿಗೇರಿತು. ಕೆಲಸ ಬರಲ್ಲವೇ? ಈ ಊರಿನ ಅರ್ಧ ಜನ ಅವಳ ಹೊಲಿಗೆಯ ಮೇಲೆ ನಡೆಯುತ್ತಿದ್ದರು. ಅವಳು ಅಂಗೈಯನ್ನು ಸೀರೆಗೆ ಒರೆಸಿದಳು, ಇಳಿದು ಬೂಟನ್ನು ಎತ್ತಿಕೊಂಡಳು, ಸ್ಟೂಲಿನ ಮೇಲೆ ಕಾಲಿಟ್ಟಳು. ಅಲ್ಲಿಂದ ಹಲಗೆಯ ಮೇಲೆ ಹತ್ತಿ ಚೆನ್ನಾಗಿ ಕಾಲು ಚಾಚಿ ಕೂತಳು. ಒಡೆದ ಹಿಮ್ಮಡಿಗಳೆರಡೂ ಅಧ್ಯಕ್ಷರ ಎದೆಯೆದುರಿಗೆ ಬಂದವು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಪಾದಗಳು ಬೂಟನ್ನು ಕಚ್ಚಿ ಹಿಡಿದವು, ದಬ್ಬಳ ಸುರುಕ್ಕನೆ ಒಳಗೆ ಹೋಯಿತು, ದಾರವನ್ನು ಎರಡೂ ಕಡೆ ಸರ್ರನೆ ಎಳೆದಳು.

"ಕಾಲು! ಕಾಲು ತೆಗಿಯೇ! ಇಳಿಯೇ ಕೆಳಗೆ!" ಸಾಹೇಬರ ಕುತ್ತಿಗೆಯ ನರ ಉಬ್ಬಿತು.

"ಇಳೀತೀನಿ ಸಾರ್." ದಾರದಕ್ಕ ದಬ್ಬಳದ ಹಿಡಿಯನ್ನು ಅವರತ್ತ ಚಾಚಿದಳು. ಹಿಡಿಗೆ ಸ್ವಲ್ಪ ರಕ್ತ ಮೆತ್ತಿತ್ತು. "ಕಾಲಿಲ್ದೆ ಹ್ಯಾಗೆ ಹೊಲಿಯೋದು ಅಂತ ನೀವೇ ಒಂದು ಹೊಲಿಗೆ ಹಾಕಿ ತೋರಿಸಿ. ಒಂದೇ ಒಂದು. ಈಗ್ಲೇ ಇಳೀತೀನಿ. ಜಾಗಾನೂ ನಿಮ್ಮ ಭಾವಮೈದುನನಿಗೇ ಕೊಟ್ಕೊಳ್ಳಿ."

ಕೀಲಿಮಾಮನ ಪೆಟ್ಟಿಗೆಯಿಂದ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಸಾಹೇಬರ ಮುಖ ನೋಡಿದರು. ಸಾಹೇಬರ ಕೈಗಳು ಪ್ಯಾಂಟಿನ ಜೇಬಿನೊಳಗೆ ಹೋದವು.

ಬಸ್ ಬಂತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ನರ್ಸಮ್ಮ ಹತ್ತಲಿಲ್ಲ.

"ನೀನು ಹೋಗಪ್ಪ," ಎಂದಳು, ಸಾಹೇಬರ ಜೇಬಿನ ಮೇಲಿಂದ ಕಣ್ಣು ಕೀಳದೆ. "ನಂಗಿಲ್ಲಿ ಸಾಹೇಬ್ರ ಕೈಯಿಂದ ಹೊಲಿಗೆ ಆಗಬೇಕು."