ಕ್ಯಾಸೆಟ್ಟಿನ ಎರಡನೆಯ ಬದಿ

ಉಮಾಕಾಂತ ಬ್ಯಾಂಡ್ ಗಾಡಿಯ ಟೇಪಿಗೆ ಕ್ಯಾಸೆಟ್ ತುರುಕಿ, ಗುಂಡಿಯ ಮೇಲೆ ಬೆರಳಿಟ್ಟವನು ಒತ್ತದೆ ನಿಂತ.

"ಕಾಕೂ, ಭಜನಿನೇ ಹಚ್ಚಲೇನ್ರೀ? ಇದು ಮಂದಿಗಿ ತಿಳಿಯಂಗಿಲ್ಲ."

"ತಿಳಿಲಾಕ ಒಮ್ಮೆರೆ ಪೂರಾ ಕೇಳ್ಯಾರೇನು?" ಎಂದರು ಸುಮಿತ್ರಾಬಾಯಿ. "ಇವತ್ತ ಮಣ್ಣಿಗಿ ಬಂದಾರ, ನಡುವ ಎದ್ದು ಹೋಗಂಗಿಲ್ಲ. ಹಚ್ಚು."

ಪಡಸಾಲೆಯಲ್ಲಿ, ತೀರಿಕೊಂಡ ಅವರ ಗಂಡ ಗುರುಲಿಂಗ ಮಾಸ್ತರರನ್ನು ವಿಭೂತಿ ಹಚ್ಚಿ, ಬ್ಯಾಂಡಿನ ಕೆಂಪು ಕೋಟು ತೊಡಿಸಿ, ಗೋಡೆಗೊರಗಿಸಿ ಕೂರಿಸಿದ್ದರು. ಮುರುಮ ಊರಿನ ಅರ್ಧಕ್ಕರ್ಧ ಮದುವೆಗಳಲ್ಲಿ ಕ್ಲಾರ್ನೆಟ್ ಊದಿದವರು. ಒಂದರಲ್ಲೂ ಮೊದಲ ಪಂಕ್ತಿಯ ಊಟ ಸಿಕ್ಕಿರಲಿಲ್ಲ. ಇಂದು ಊರೇ ಅವರ ಮುಂದೆ ಕಾದು ಕುಳಿತಿತ್ತು. ಸರಿಯಾಗಿ ಹೇಳಬೇಕೆಂದರೆ, ಲೋಹಾರಾದ ದಾರಿಯಲ್ಲಿ ಮೋಟಾರು ಕೆಟ್ಟು ನಿಂತ, ಮಣ್ಣಿನ ವಿಧಿ ಮಾಡಿಸಬೇಕಾದ ಮಠದ ಅಯ್ಯನವರಿಗಾಗಿ.

* * *

ಮಾಸ್ತರರು ಹುಟ್ಟಿದ ಊರು ಸಾಸ್ತೂರ ತೊಂಬತ್ತಮೂರರ ಭೂಕಂಪದಲ್ಲಿ ಕಲ್ಲುಮಣ್ಣಿನ ರಾಶಿಯಾಯಿತು. ಆ ರಾತ್ರಿ ಗಣಪತಿ ವಿಸರ್ಜನೆಗೆ ಬ್ಯಾಂಡು ಬಾರಿಸಲು ಉಮರ್ಗಾಕ್ಕೆ ಹೋಗಿದ್ದರಿಂದ ಅವರು ಉಳಿದರು. ಮುಂದೆ ಸಿಮೆಂಟಿನ ಸಾಲುಮನೆಗಳ ಹೊಸ ಸಾಸ್ತೂರ ಎದ್ದಾಗ, ಒಂದು ಸುತ್ತು ಹಾಕಿ ಬಂದು, "ಊರು ಛಂದ ಅದ. ಸಪ್ಪಳೇ ಇಲ್ಲ" ಎಂದರು.

ಆ ಸಪ್ಪಳವನ್ನು ಕ್ಯಾಸೆಟ್ ಮಾಡುವ ಹುಚ್ಚು ಅವರಿಗೆ ಹಿಡಿಯಿತು. ಹಾಡಿಲ್ಲ, ಮಾತಿಲ್ಲ, ಹಳೆಯ ಊರಿನ ಬೆಳಗು ಒಂದು ಬದಿಗೆ, ಸಂಜೆ ಇನ್ನೊಂದಕ್ಕೆ. ಬ್ಯಾಂಡಿನ ಕಹಳೆ, ಕ್ಲಾರ್ನೆಟ್ಟಿನ ಜೊತೆ ಸೋಲಾಪುರದಿಂದ ಕರೆಸಿದ ಪಿಟೀಲು ಮೇಳ. ಉಳಿದದ್ದೆಲ್ಲ ಉಮಾಕಾಂತನ ಕೀಬೋರ್ಡಿನ ಪಾಲು. ಉದಗೀರದ ಸ್ಟುಡಿಯೋದಲ್ಲಿ ಅವನ ತಲೆ ತಿಂದರು.

"ಗುಬ್ಬಿ ಆತು. ಈಗ ನಮ್ಮೂರ ಕಾಶೆಪ್ಪನ ಹಿಟ್ಟಿನ ಗಿರಣಿ ತೆಗಿ."

"ಮಾಸ್ತರ್, ಇದರಾಗ ಗಿಟಾರ ಅದ. ಗಿರಣಿ ಇಲ್ರೀ."

"ಹುಡುಕು. ಇರತದ."

ಎರಡನೆಯ ಬದಿಯ ನಡುವೆ ನೆಲ ಗುಡುಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊಂಡವರೆಲ್ಲ ರೀಲು ಖಾಲಿ ಎಂದು ಕ್ಯಾಸೆಟ್ಟನ್ನು ಅಂಗಡಿಗೆ ಹಿಂದಿರುಗಿಸಿದರು. ಅಂಗಡಿಯ ಸೂರ್ಯಕಾಂತ ಶೇಟ ಅವುಗಳ ಮೇಲೆ ಭಜನೆ ತುಂಬಿ ಚೆನ್ನಾಗಿ ಮಾರಿದ. ಮನೆಯಲ್ಲಿ ಉಳಿದದ್ದು ಇದೊಂದೇ.

* * *

ಮೊದಲ ಬದಿ ಮುಗಿದು ಎರಡನೆಯದು ಹತ್ತಿತು. ನೆಲ ಗುಡುಗಿತು. ಆಮೇಲೆ ಗಪ್ಪಾಯಿತು.

"ಕರೆಂಟ್ ಹೋತು," ಎಂದ ಸೂರ್ಯಕಾಂತ ಶೇಟ.

"ಗಾಡಿ ಬ್ಯಾಟರಿ ಮ್ಯಾಲ ನಡೀತದರೀ," ಎಂದ ಉಮಾಕಾಂತ.

"ಹಂಗಾರ ರೀಲೇ ಖರಾಬ. ನಾ ಅವಾಗೇ ಹೇಳಿದ್ದೆ."

ಅಷ್ಟರಲ್ಲಿ ಅಯ್ಯನವರು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬಂದಿಳಿದರು. "ಏಳ್ರಿ, ಹೊತ್ತಾತು, ಎತ್ತರಿ," ಎಂದು ನಾಲ್ಕು ಜನ ಮೇಲೆದ್ದರು. ಸುಮಿತ್ರಾಬಾಯಿ ಹೊಸ್ತಿಲಿಗೆ ಅಡ್ಡ ನಿಂತರು.

"ಇನ್ನಾ ಮುಗದಿಲ್ಲ."

"ಏನ್ ಮುಗದಿಲ್ಲ ವೈನಿ? ಏನೂ ಕೇಳಸವಲ್ದು."

"ಕೂಡ್ರಿ ಶೇಟ. ಅವರು ಸೈತ ಕುಂತಾರಲ್ಲ."

ಶೇಟ ಕೆಂಪು ಕೋಟಿನ ಕಡೆ ನೋಡಿ ಕುಳಿತ. ಅಯ್ಯನವರೂ ಕುಳಿತರು. ಯಾರೋ ಕೆಮ್ಮಿದರು.

ಪುಕ್.

ತಡೆದು, ಮತ್ತೊಂದು. ಪುಕ್, ಪುಕ್, ಪುಕ್... ಟೇಪಿನೊಳಗೆ ಡೀಸೆಲ್ ಗಿರಣಿ ಸುರುವಾಯಿತು. ಅದರ ಹಿಂದೆ ಮೆಲ್ಲಗೆ ಪಿಟೀಲುಗಳು.

ಸಾಸ್ತೂರದಿಂದ ಬಂದಿದ್ದ ಮಾಸ್ತರರ ಅಕ್ಕ ಕಸ್ತೂರಬಾಯಿ ಗೋಡೆ ಹಿಡಿದು ಎದ್ದರು. ಸೆರಗಿನ ತುದಿಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡರು. ಇಲ್ಲದ ಜೋಳದ ಬುಟ್ಟಿಗೆ ಒಂದು ಕೈ ಆನಿಸಿ, ಗಿರಣಿಯಲ್ಲಿ ತಮ್ಮ ಪಾಳಿ ಬರಲೆಂದು ನಿಂತರು.