ಹೊಡೆದ ದಿನದ ಕಾಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅಕ್ಕ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ಸುಳ್ಳು. ನನ್ನ ಸಿಟ್ಟು ಇರುವುದು ಬಲಗೈಯಲ್ಲಿ. ಮೂಗಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತದೆ.

ಆ ಗುರುವಾರ ಬೆಳಿಗ್ಗೆ ಭೂಪ ನಮ್ಮ ಭಾವನ ತೋಳು ಮುರಿದ. ಭೂಪ ನಮ್ಮ ಗಾಡಿ ಕುದುರೆ. ಅಕ್ಕನ ಮರದ ಮಿಲ್ಲಿನಿಂದ ಲಾರಿ ನುಗ್ಗದ ಓಣಿಗಳಿಗೆ ಹಲಗೆ ಎಳೆಯುವುದು ಅವನ ಕೆಲಸ, ಅವನನ್ನು ಓಡಿಸುವುದು ನನ್ನದು. ಮರಿಯಾಗಿದ್ದಾಗಿನಿಂದ ಒಂಬತ್ತು ವರ್ಷ ನಾನೇ ಸಾಕಿದ್ದೆ. ಅಂದು ಭಾವ ಲಾಯದಲ್ಲಿ ಅವನ ಹೊಟ್ಟೆಗೆ ಗಾಡಿಯ ಪಟ್ಟಿ ಬಿಗಿಯುತ್ತಿದ್ದ. ಭೂಪ ಕಿವಿ ಹಿಂದಕ್ಕೆ ಮಡಚಿದ, ಗಕ್ಕನೆ ತಿರುಗಿ ಅವನ ತೋಳಿಗೆ ಬಾಯಿ ಹಾಕಿದ, ಅಷ್ಟು ದೊಡ್ಡ ಆಳನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಮೂಳೆ ಮುರಿದದ್ದು ನನಗೆ ಹೊರಗಿನಿಂದಲೇ ಕೇಳಿಸಿತು.

ಭಾವನನ್ನು ಕಾಲು ಹಿಡಿದು ಆಚೆ ಎಳೆದು ಹಾಕಿ, ಗಾಡಿಯ ಮುರಿದ ಮೂಕಿಮರದ ತುಂಡೊಂದನ್ನು ಎತ್ತಿಕೊಂಡು ಲಾಯದೊಳಗೆ ನುಗ್ಗಿದೆ. ಮೊದಲ ಏಟು ಕತ್ತಿನ ಮೇಲೆ ಬಿತ್ತು. ಭೂಪ ಹಿಂಗಾಲು ಬೀಸಿದ, ಅಡ್ಡಹಲಗೆಯೊಂದು ಹಾರಿ ಬಂದು ನನ್ನ ಹಣೆ ಸೀಳಿತು. ರಕ್ತ ಕಣ್ಣಿಗಿಳಿದರೂ ಬಿಡಲಿಲ್ಲ. ಪಕ್ಕೆಗೆ, ತೊಡೆಗೆ, ಮುಸುಡಿಗೆ, ಎಲ್ಲಿ ಸಿಕ್ಕಿದರೆ ಅಲ್ಲಿಗೆ ಬಾರಿಸಿದೆ. ಅವನು ಮುಂಗಾಲು ಮಡಚಿ ಕುಸಿದ ಮೇಲೂ ಎರಡು ಏಟು ಹಾಕಿದೆ. ಆ ಎರಡನ್ನು ನಾನು ಮರೆತಿಲ್ಲ.

ಸಂಜೆ ಬಕೆಟ್ ಹಿಡಿದು ಮತ್ತೆ ಲಾಯಕ್ಕೆ ಹೋದೆ. ನನ್ನ ಪದ್ಧತಿಯೇ ಹಾಗೆ. ಹೊಡೆದ ದಿನ ನನಗೆ ಊಟ ಸೇರುವುದಿಲ್ಲ, ಅವನಿಗೆ ಮಾತ್ರ ದುಪ್ಪಟ್ಟು ಬಡಿಸುತ್ತೇನೆ. ಒಂದು ಬಕೆಟ್ ಬಾರ್ಲಿ, ಅರ್ಧ ಬಕೆಟ್ ಮೆಕ್ಕೆಜೋಳ, ಮೇಲೆ ಎರಡು ಸೌಟು ಕಾಕಂಬಿ. ಅವನು ಬಕೆಟ್ಟಿನ ತಳ ನೆಕ್ಕುವವರೆಗೆ ಪಕ್ಕದಲ್ಲಿ ಕೂತು ಕತ್ತು ಸವರಿದೆ. ಕ್ಷಮೆ ಕೇಳುವುದಕ್ಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಶನಿವಾರ ಕಟುಕ ಬರುತ್ತಾನೆ ಎಂದು ಅಕ್ಕ ಹೇಳಿಬಿಟ್ಟಳು. ಒಂದು ವರ್ಷದಲ್ಲಿ ಭೂಪ ಮೂವರನ್ನು ಕಚ್ಚಿದ್ದ, ಈಗ ಅವಳ ಗಂಡನ ತೋಳು ಹೋಗಿತ್ತು. ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ, ದನದ ಡಾಕ್ಟರಮ್ಮ ಒಮ್ಮೆ ನೋಡಲಿ, ಆಮೇಲೆ ನಿನ್ನಿಷ್ಟ ಎಂದು ಒಪ್ಪಿಸಿದೆ.

ಡಾಕ್ಟರಮ್ಮ ಶುಕ್ರವಾರ ಬಂದಳು. ಭೂಪನನ್ನು ಎರಡು ಹಗ್ಗದಲ್ಲಿ ಬಿಗಿದಿದ್ದರೂ ಅವಳ ಚೀಲವನ್ನು ಒದ್ದು ಅಂಗಳಕ್ಕೆ ಕಳಿಸಿದ. ಅವಳು ಬೈಯಲಿಲ್ಲ. ಗೊರಸಿಗೆ ಅಂಗೈ ಇಟ್ಟು ನೋಡಿದಳು, ಅದು ಸುಡುತ್ತಿತ್ತು. ಗೊರಸಿನ ಮೇಲೆದ್ದ ಉಂಗುರದಂಥ ಗೆರೆಗಳನ್ನೂ, ಕತ್ತಿನುದ್ದಕ್ಕೂ ಎದ್ದ ಗಂಧೆಗಳನ್ನೂ ತೋರಿಸಿದಳು. ಗಂಧೆಯನ್ನು ನಾನು ನನ್ನ ಏಟಿನ ಬಾವು ಎಂದುಕೊಂಡಿದ್ದೆ. ಹುಳಿ ನಾತದ ತೆಳು ಲದ್ದಿಯನ್ನು ಕಡ್ಡಿಯಲ್ಲಿ ಕೆದಕಿ, ಏನು ತಿನ್ನಿಸುತ್ತೀರಿ, ಯಾವತ್ತು ಎಷ್ಟು ಎಂದು ಕೇಳಿದಳು. ಹೇಳಿದೆ. ಹೊಡೆದ ದಿನದ ಲೆಕ್ಕವನ್ನೂ ಹೇಳಿದೆ, ಒಳ್ಳೆಯವನೆನಿಸಿಕೊಳ್ಳಲು.

ಅವಳು ನನ್ನನ್ನೇ ನೋಡಿದಳು. "ಈ ಕುದುರೆಗೆ ಕಾಳು ಆಗಿಬರಲ್ಲ. ಅರಗದೆ ಹಿಂದಿನ ಕರುಳಿಗೆ ಇಳಿದು ಹುಳಿಯಾಗುತ್ತೆ. ಹೊಟ್ಟೆ ಉರಿಯುತ್ತೆ, ಗೊರಸು ಉರಿಯುತ್ತೆ. ಅದರ ಮೇಲೆ ಪಟ್ಟಿ ಬಿಗಿದರೆ ಕಚ್ಚದೆ ಏನು ಮಾಡುತ್ತೆ? ನೀವು ಹೊಡೀತೀರಿ, ತಿನ್ನಿಸ್ತೀರಿ. ತಿಂದದ್ದಕ್ಕೆ ಅದು ಕೆರಳುತ್ತೆ. ಕೆರಳಿದ್ದಕ್ಕೆ ಮತ್ತೆ ಹೊಡೀತೀರಿ."

ನಾನು ಕಾಳಿನ ಮರದ ಪೆಟ್ಟಿಗೆಯನ್ನು ಒದ್ದೆ. ಅದು ಸೀಳಿಹೋಗುವವರೆಗೆ, ಬಾರ್ಲಿ ನೆಲಕ್ಕೆಲ್ಲ ಹರಡುವವರೆಗೆ ಒದ್ದೆ. ಡಾಕ್ಟರಮ್ಮ ಕೈ ಕಟ್ಟಿಕೊಂಡು ಕಾದಳು. ಆಮೇಲೆ, ಇದನ್ನು ಗುಡಿಸಿ ಹೊರಗೆ ಸಾಗಿಸಿ, ಒಂದು ಕಾಳೂ ಅವನ ಬಾಯಿಗೆ ಸಿಗಬಾರದು ಎಂದಳು. ಅಕ್ಕ ಮೂರು ವಾರದ ಗಡುವು ಕೊಟ್ಟಳು.

ಒಣಹುಲ್ಲನ್ನು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ದಿನವಿಡೀ ಸ್ವಲ್ಪ ಸ್ವಲ್ಪ ಕೊಡಬೇಕಿತ್ತು. ಉಪ್ಪು, ಔಷಧಿ, ಗೊರಸಿಗೆ ತಣ್ಣೀರು, ಕಾಲ ಕೆಳಗೆ ಮಂದವಾಗಿ ಮರದ ಹೊಟ್ಟು. ಗಾಡಿಯ ಮಾತೇ ಇಲ್ಲ. ಮೂರನೆಯ ದಿನ ಕಾಳು ಬೇಕೆಂದು ಅವನು ಲಾಯದ ಬಾಗಿಲು ಮುರಿದ. ಹಗ್ಗ ಹಿಡಿದು ಜಗ್ಗಿ ನನ್ನ ಅಂಗೈ ಚರ್ಮ ಸುಲಿಯಿತು. ಐದನೆಯ ದಿನ ನನ್ನ ಹೆಗಲು ಕಚ್ಚಿದ, ನಾನು ಮುಷ್ಟಿ ಬಿಗಿದು ಮೂಗಿಗೆ ಗುದ್ದಿದೆ. ಒಂದೇ ಗುದ್ದು. ಅವತ್ತು ಸಂಜೆ ಬೀದಿ ಕೊನೆಯ ಕಾಳಿನಂಗಡಿಯವರೆಗೆ ನಡೆದು ಹೋಗಿ, ಬಾಗಿಲಲ್ಲಿ ನಿಂತು, ಬರಿಗೈಯಲ್ಲಿ ವಾಪಸು ಬಂದೆ. ಅದು ಹೊಡೆಯದೆ ಇರುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಲದ್ದಿ ಗಟ್ಟಿಯಾಯಿತು, ಗಂಧೆ ಇಳಿಯಿತು, ಗೊರಸು ತಣ್ಣಗಾಯಿತು. ಇಪ್ಪತ್ತನೆಯ ದಿನ ಭಾವ, ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡವನು, ಎಡಗೈಯಲ್ಲೇ ಹೊಟ್ಟೆಯ ಪಟ್ಟಿ ಹಾಕಿದ. ಭೂಪ ಅವನ ಅಂಗಿ ಮೂಸಿ ನಿಂತ. ಅಕ್ಕ ಹೆದರುತ್ತ ಹಣೆ ಮುಟ್ಟಿದಳು, ಅದಕ್ಕೂ ಸುಮ್ಮನಿದ್ದ. ಕಟುಕನಿಗೆ ಬೇಡ ಎಂದು ಹೇಳಿ ಕಳಿಸಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಲಗಾಮು ಹಿಡಿದು ಒಳಗೆ ಹೋದೆ.

ನನ್ನನ್ನು ಕಂಡದ್ದೇ ಭೂಪ ಮೂಲೆಗೆ ಸರಿದ. ಬಾಲವನ್ನು ಕಾಲ ಸಂದಿಗೆ ಒತ್ತಿಕೊಂಡು, ಮೈಯೆಲ್ಲ ನಡುಗುತ್ತ, ನಿಂತಲ್ಲೇ ಉಚ್ಚೆ ಹೊಯ್ದ. ಒದೆಯಲಿಲ್ಲ, ಕಚ್ಚಲಿಲ್ಲ. ಇಷ್ಟು ದಿನ ಹಗ್ಗದ ತುದಿಯಲ್ಲಿ ಅವನು ಜಗ್ಗಾಡಿದ್ದೆಲ್ಲ ಕಾಳಿನ ಕೊಬ್ಬು ಎಂದುಕೊಂಡಿದ್ದೆ. ಕಾಳು ಹೋದ ಮೇಲೆ ಉಳಿದದ್ದು ಹೆದರಿಕೆ. ಅದಕ್ಕೆ ನಾನಲ್ಲದೆ ಬೇರೆ ಕಾರಣ ಇರಲಿಲ್ಲ. ಕೈ ಎತ್ತಿ ಸವರಲು ಹೋದೆ. ಅವನು ಕಣ್ಣು ಮುಚ್ಚಿ ಏಟಿಗೆ ಕಾದ.

ಅಕ್ಕ ಬಾಗಿಲಲ್ಲಿ ಎಲ್ಲ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವನಿಗೆ ಆಗಿಬರದೆ ಇರೋದು ಎರಡು ಕಣೋ ತಮ್ಮಾ. ಒಂದನ್ನ ನಿಲ್ಲಿಸಿದ್ವಿ."

ನನ್ನ ಬಲಗೈ ಹೊಡೆಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿತು. ಏನೂ ಸಿಗಲಿಲ್ಲ. ಲಗಾಮನ್ನು ಭಾವನ ಎಡಗೈಗೆ ಕೊಟ್ಟು ಹೊರಗೆ ಬಂದು, ಹಲಗೆ ರಾಶಿಯ ಮರೆಯಲ್ಲಿ ಕೂತು ಅತ್ತೆ.

ಈಗ ನಾನು ಮಿಲ್ಲಿನ ಹಿಂಬದಿಯಲ್ಲಿ ಗರಗಸದ ಕೆಲಸ ಮಾಡುತ್ತೇನೆ. ಗಾಡಿ ಹೊರಡುವಾಗ ಅಕ್ಕ ಒಂದು ಕೂಗು ಹಾಕುತ್ತಾಳೆ. ಗೊರಸಿನ ಸದ್ದು ಗೇಟು ದಾಟುವವರೆಗೆ ನಾನು ಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತೇನೆ.