ತುಟಿ ಆಡಿದರೆ ಸಾಕು

"ಉಚ್ಚೆ ಹೊಯ್ಯೋಕೆ ಸಂಬಳ ಕೊಡ್ತಾರೇನೇ ನಿಂಗೆ? ಮುಚ್ಕೊಂಡು ಮಗ್ಗದ ಮುಂದೆ ನಿಂತ್ಕೋ!"

ಮೇಸ್ತ್ರಿ ಗಂಟಲು ಹರಿಯುವಂತೆ ಕಿರುಚಿದರೂ ಮಗ್ಗಗಳ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಬೀಳಬೇಕಾಗಿಯೂ ಇರಲಿಲ್ಲ. ಆ ಶೆಡ್ಡಿನ ಹೆಂಗಸರು ಕಿವಿಯ ಆಸೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಮಕ್ಕಳ ಜ್ವರ, ಗಂಡನ ಕುಡಿತ, ಧಣಿಯ ಹೊಟ್ಟೆಯ ಮೇಲೊಂದು ಪೋಲಿ ಜೋಕು, ಎಲ್ಲವೂ ದನಿಯಿಲ್ಲದೆ ಈ ಮಗ್ಗದಿಂದ ಆ ಮಗ್ಗಕ್ಕೆ ದಾಟುತ್ತಿದ್ದವು. ಮೇಸ್ತ್ರಿಯೂ ಹಿಂದೆ ಇಲ್ಲೇ ಲಾಳಿ ಹಾಕುತ್ತ ಸವೆದವನು, ಅವನಿಗೂ ಈ ವಿದ್ಯೆ ಗೊತ್ತಿತ್ತು. ಕಕ್ಕಸಿನ ಬೀಗದಕೈ ಸೊಂಟಕ್ಕೆ ಬಂದ ಮೇಲೆ ಮಾತ್ರ ಅವನ ನಡಿಗೆಯೇ ಬದಲಾಗಿತ್ತು.

ಬೈಸಿಕೊಂಡವಳು ಬಾಯಿಬಡಕಿಯ ನಾದಿನಿ. ದನಿಯೇ ನಡೆಯದ ಶೆಡ್ಡಿನಲ್ಲೂ ತುಟಿಗೆ ಬಿಡುವು ಕೊಡದವಳಾದ್ದರಿಂದ ಬಾಯಿಬಡಕಿಗೆ ಆ ಹೆಸರು ಬಿದ್ದಿತ್ತು. ನಾದಿನಿ ಅದಕ್ಕೆ ತದ್ವಿರುದ್ಧ, ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವವಳು. ಕೆಲವು ದಿನಗಳಿಂದ ಅವಳಿಗೆ ಉರಿಮೂತ್ರ, ಸಂಜೆಯಾದರೆ ಚಳಿಜ್ವರ. ಆಸ್ಪತ್ರೆಯ ಡಾಕ್ಟರಮ್ಮ, "ನೀರು ಚೆನ್ನಾಗಿ ಕುಡಿ, ಬಂದಾಗೆಲ್ಲ ಹೋಗು. ತಡ್ಕೊಂಡ್ರೆ ಕಿಡ್ನಿಗೇ ಹೋಗುತ್ತೆ" ಎಂದಿದ್ದಳು. ಹೆಂಗಸರು ಕಕ್ಕಸಿಗೆ ಹೋಗಿ ಹರಟೆ ಕೊಚ್ಚುತ್ತಾರೆಂದು ಧಣಿ ಅದಕ್ಕೆ ಬೀಗ ಜಡಿಸಿದ್ದು ಆ ಪುಣ್ಯಾತ್ಗಿತ್ತಿಗೆ ಹೇಗೆ ಗೊತ್ತಾಗಬೇಕು?

ಅವತ್ತಂತೂ ಬೀಗ ತೆಗೆಯುವ ಮಾತೇ ಇರಲಿಲ್ಲ. ಶೆಡ್ಡಿಗೆ ಶೂಟಿಂಗಿನವರು ಬಂದಿದ್ದರು. ಹೊರಗಿನ ವ್ಯಾಪಾರಸ್ಥರು ಈ ನಗರದಲ್ಲಿ ದುಡ್ಡು ಹಾಕಲಿ ಎಂದು ದೊಡ್ಡವರೆಲ್ಲ ಸೇರಿ ಒಂದು ಸಿನಿಮಾ ಮಾಡಿಸುತ್ತಿದ್ದರು, ಅದರಲ್ಲಿ ಧಣಿಯದೇ ಮುಂದಾಳತ್ವ. ಕ್ಯಾಮೆರಾಕ್ಕೆ ಕಾಣುವ ಒಂದು ಗೋಡೆಗೆ ಮಾತ್ರ ಬಣ್ಣ ಬಳಿಸಿದ್ದರು. ಮಗ್ಗಗಳ ನಡುವೆ ಪ್ಲಾಸ್ಟಿಕ್ ಗಿಡಗಳ ಕುಂಡಗಳು ಬಂದು ಕೂತಿದ್ದವು. ನಿಲ್ಲಲೇ ಜಾಗವಿಲ್ಲದ ಕಡೆ ಗಿಡಕ್ಕೆ ಜಾಗವಾಗಿತ್ತು.

ಡೈರೆಕ್ಟರು ತಲೆಗೊಂದು ಟೋಪಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಟೋಪಿ ಹಾಕೋಕೆ ಬಂದೋನು ಮೊದಲು ತನಗೇ ಹಾಕ್ಕೊಂಡಿದಾನೆ ಎಂದು ಬಾಯಿಬಡಕಿ ತುಟಿಯಾಡಿಸಿದಳು. ಆ ಸಾಲಿನವರೆಲ್ಲ ಕಿಸಕ್ಕೆಂದರು. ನಾದಿನಿ ಮಾತ್ರ ನಗಲಿಲ್ಲ. ಕಾಲು ಬಿಗಿದುಕೊಂಡು, ಮಗ್ಗದ ಚೌಕಟ್ಟು ಹಿಡಿದು ನಿಂತಿದ್ದಳು. ಹಣೆಯೆಲ್ಲ ಬೆವರು.

"ಅಣ್ಣಾ, ನಿನ್ ಕಾಲಿಗೆ ಬೀಳ್ತೀನಿ, ಆಗ್ತಾ ಇಲ್ಲ" ಎಂದಳು ಮೇಸ್ತ್ರಿಗೆ.

"ಶೂಟಿಂಗ್ ಮುಗಿಯೋ ತನಕ ಯಾವಳೂ ಅಲ್ಲಾಡಂಗಿಲ್ಲ!"

ಅವಳು ಅಲ್ಲಾಡಲಿಲ್ಲ. ನಿಂತಲ್ಲೇ ಆಗಿಹೋಯಿತು. ಕಾಲಗುಂಟ ಇಳಿದು ಸಿಮೆಂಟಿನ ನೆಲದ ಮೇಲೆ ಹರಿಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಏನದು?" ಎಂದ ಟೋಪಿ.

"ನೀರು ಚೆಲ್ಲಿದೆ ಸಾರ್, ಈಗಲೇ ಒರೆಸ್ತಾಳೆ." ಮೇಸ್ತ್ರಿ ಅವನ ಕಿವಿಯಲ್ಲಿ ಕೂಗಿ, ಒಂದು ಹಿಡಿ ಹಾಳು ನೂಲನ್ನು ನಾದಿನಿಯ ಮುಖಕ್ಕೆ ಎಸೆದ.

"ಬೇಡ, ಇರ್ಲಿ ಬಿಡಿ. ಒದ್ದೆ ನೆಲದ ಮೇಲೆ ಲೈಟು ಚೆನ್ನಾಗಿ ಹೊಳೆಯುತ್ತೆ."

ಬಾಯಿಬಡಕಿ ನಾದಿನಿಯತ್ತ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಟೋಪಿಯ ಬೆರಳು ಅವಳತ್ತಲೇ ತಿರುಗಿತು. ಮುಖ ಲಕ್ಷಣವಾಗಿದೆ, ಇವಳೇ ಇರಲಿ ಎಂದ. ಮಿಕ್ಕವರನ್ನು ಬೇರೆ ಸಾಲಿಗೆ ಅಟ್ಟಿದರು. ಹಿಂದಿನಿಂದ ಯಾರೂ ಬರದಂತೆ ತಡೆಯಲು ಮೇಸ್ತ್ರಿ ಕ್ಯಾಮೆರಾಕ್ಕೆ ಬೀಳದಷ್ಟು ಓರೆಯಲ್ಲಿ ಅವಳ ಬೆನ್ನ ಹಿಂದೆ ಹೋಗಿ ನಿಂತ.

"ಮಗ್ಗ ನಿಲ್ಲಿಸಲ್ಲ ಅಂತಾರೆ ನಿಮ್ಮ ಧಣಿ. ಪರವಾಗಿಲ್ಲ, ಮಾತು ಆಮೇಲೆ ಸೇರಿಸ್ತೀವಿ" ಎಂದು ಟೋಪಿ ಅವಳ ಕಿವಿಯಲ್ಲಿ ಕೂಗಿದ. "ನೀವು ನಗ್ತಾ ಏನಾದ್ರೂ ಮಾತಾಡ್ತಿರಿ. ತುಟಿ ಆಡಿದ್ರೆ ಸಾಕು."

ತುಟಿ ಆಡಿದರೆ ಸಾಕಂತೆ! ಬಾಯಿಬಡಕಿ ಹಲ್ಲು ಕಾಣುವಂತೆ ನಕ್ಕಳು. "ಲೋ ಬೋಳಿಮಗನೇ" ಎಂದು ಶುರುಮಾಡಿದವಳು, ಹೊಟ್ಟೆಯೊಳಗಿದ್ದದ್ದನ್ನೆಲ್ಲ ನಗುನಗುತ್ತಲೇ ಕ್ಯಾಮೆರಾದ ಮುಖಕ್ಕೆ ಉಗಿದಳು. ಟೋಪಿ ಹೆಬ್ಬೆರಳು ಎತ್ತಿ ತೋರಿಸಿದ. ಮಗ್ಗದ ಸದ್ದಿಗೆ ಬಿದ್ದ ಮಾತು ಅಲ್ಲಿಗೇ ಸತ್ತಿತು ಎಂದುಕೊಂಡು ಅವಳು ನಾದಿನಿಯ ನೆಲ ಒರೆಸಲು ಹೋದಳು.

ಶೂಟಿಂಗ್ ಮುಗಿದು ದಿನಗಳು ಕಳೆದರೂ ಬೀಗ ತೆಗೆಯಲಿಲ್ಲ. ಹೆಂಗಸರು ದಿನಾ ಸಂಜೆಯವರೆಗೂ ಬಾಯಿಗೆ ಹನಿ ನೀರು ಹಾಕದೆ ದುಡಿದರು. ನಾದಿನಿಯ ಜ್ವರ ಹಗಲಿಗೂ ಹಬ್ಬಿತು. ಮನೆಯಲ್ಲಿ ಮಲಗಿದರೆ ಮಗ್ಗ ಬೇರೆಯವಳ ಪಾಲಾಗುತ್ತದೆಂದು ಅತ್ತಿಗೆಯ ತೋಳು ಹಿಡಿದುಕೊಂಡೇ ಬರುತ್ತಿದ್ದಳು. ಬಾಯಿಬಡಕಿ ತಡೆಯಲಾರದೆ ಧಣಿಯ ಕೋಣೆಗೆ ನುಗ್ಗಿದಳು.

"ಅತಿಥಿಗಳು ಬರ್ತಾರೆ ಅಂತ ಕಕ್ಕಸು ಕ್ಲೀನ್ ಮಾಡ್ಸಿದೀನಿ ಕಣೇ. ನೀವು ಹೋದ್ರೆ ಮತ್ತೆ ಹೊಲಸು" ಎಂದ ಧಣಿ, ತಲೆ ಎತ್ತದೆ.

"ಬರೋರು ನಮ್ ಕಕ್ಕಸು ನೋಡೋಕ್ ಬರ್ತಾರಾ ಧಣಿ? ಆ ಹುಡ್ಗಿ ಸಾಯ್ತಾ ಇದಾಳೆ."

"ಸಿನಿಮಾದಲ್ಲಿ ಮೂತಿ ಬಂತು ಅಂತ ಮೆರೀಬೇಡ. ನಡಿ ಆಚೆ."

ದುಡ್ಡು ಹಾಕುವ ಅತಿಥಿಗಳು ಬಂದ ದಿನ ಮಗ್ಗಗಳು ನಿಂತವು. ಅಂಗಳದಲ್ಲಿ ಹಗಲಲ್ಲೂ ಕಾಣುವ ದೊಡ್ಡ ಪರದೆ ನಿಲ್ಲಿಸಿದ್ದರು. ಮುಂದೆ ಮೆತ್ತನೆ ಕುರ್ಚಿಗಳಲ್ಲಿ ಅತಿಥಿಗಳು, ಹಿಂದೆ ನೆಲದ ಮೇಲೆ ಚಪ್ಪಾಳೆ ಹೊಡೆಯಲೆಂದು ಹೆಂಗಸರು. ಸಿನಿಮಾ ಆಗಲೇ ದೇಶದೇಶಗಳಿಗೆ ಹೋಗಿದೆ ಎಂದು ಟೋಪಿ ಮೈಕಿನಲ್ಲಿ ಹೇಳಿದ.

ಹೊಳೆಯುವ ರಸ್ತೆ ಬಂತು, ಗಾಜಿನ ಕಟ್ಟಡ ಬಂತು. ಆಮೇಲೆ ಅಂಗಳದಷ್ಟು ಅಗಲಕ್ಕೆ ಬಾಯಿಬಡಕಿಯ ಮುಖ ಬಂತು. ಅವಳ ಹಿಂದೆ ನಾದಿನಿಯ ಒದ್ದೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ನನ್ನ ನಗರ ನನ್ನನ್ನು ತಾಯಿಯಂತೆ ಸಾಕುತ್ತಿದೆ" ಎಂದಿತು ಯಾರೋ ಹುಡುಗಿಯ ಜೇನಿನಂಥ ದನಿ.

ಲೋ ಬೋಳಿಮಗನೇ, ಬೀಗದಕೈ ಕೊಡೋ, ಎಂದವು ತುಟಿಗಳು.

"ಇಲ್ಲಿ ದುಡಿಯುವ ಕೈಗಳಿಗೆ ದಣಿವಿಲ್ಲ."

ಉಚ್ಚೆ ತಡ್ಕೊಂಡು ಸಾಯ್ತಾ ಇದೀವಿ, ನಿಮ್ ಮನೆ ಹಾಳಾಗ.

"ಬನ್ನಿ, ನಮ್ಮೊಂದಿಗೆ ಬೆಳೆಯಿರಿ."

ಬನ್ರೋ ಬೇವರ್ಸಿಗಳಾ, ಬರೋವಾಗ ನಿಮ್ ಕಕ್ಕಸು ನೀವೇ ಹೊತ್ಕೊಂಡು ಬನ್ನಿ.

ಬಾಯಿಬಡಕಿ ಮುಂದಿನವಳ ಬೆನ್ನ ಹಿಂದೆ ಮುದುಡಿದಳು. ಸತ್ತಿತೆಂದುಕೊಂಡಿದ್ದ ಮಾತು ಆನೆಯಷ್ಟಾಗಿ ಎದ್ದು ನಿಂತಿದೆ. ಇನ್ನು ಕೆಲಸ ಹೋಯಿತು, ತನ್ನದೂ, ನಾದಿನಿಯದೂ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ನಕ್ಕರು. ನೋಡಿದರೆ ನಾದಿನಿ! ಜ್ವರದಲ್ಲಿ ಕುದಿಯುತ್ತಿದ್ದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು.

"ನೋಡಿದ್ರಾ, ನಮ್ಮ ಹೆಂಗಸರು ಎಷ್ಟು ಖುಷಿಯಾಗಿದಾರೆ!" ಧಣಿ ಎದೆಯುಬ್ಬಿಸಿದ. "ಇನ್ನೊಂದ್ ಸಲ ಹಾಕ್ರಿ."

ಇನ್ನೊಂದು ಸಲ ಹಾಕಿದರು. ಈ ಸಲ ಹೆಂಗಸರೆಲ್ಲ ಪರದೆಯ ಜೊತೆಗೇ ತುಟಿಯಾಡಿಸಿದರು, ದನಿಯಿಲ್ಲದೆ, ಒಟ್ಟಿಗೆ. ಅತಿಥಿಗಳು ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಆ ಅಂಗಳದಲ್ಲಿ ಧಣಿಯ ಕಡೆಯವರಲ್ಲಿ ಅರ್ಥವಾದದ್ದು ಒಬ್ಬನಿಗೇ. ಮೇಸ್ತ್ರಿಯ ಮುಖ ಸುಣ್ಣವಾಗಿತ್ತು.

ಬಾಯಿಬಡಕಿ ಎದ್ದು ನೇರ ಅವನ ಹತ್ತಿರ ಹೋಗಿ ಕೈ ಚಾಚಿದಳು.

ಬೇಡ ಕಣೇ ತಾಯಿ, ನನ್ ಹೊಟ್ಟೆ ಮೇಲೆ ಹೊಡೀಬೇಡ, ಎಂದವು ಅವನ ತುಟಿಗಳು.

ಹೋಗು, ನಾನೇನಂದೆ ಅಂತ ಧಣಿಗೆ ಹೇಳು. ನಿಂತು ಶೂಟಿಂಗ್ ಮಾಡ್ಸಿದ್ದು ನೀನೇ ಅಲ್ವಾ?

ಅವನು ಧಣಿಯತ್ತ ನೋಡಿದ, ಬೀಗದಕೈಯ ಮೇಲೆ ಅಂಗೈ ಮುಚ್ಚಿಕೊಂಡ. ಅವಳೇ ಅವನ ಸೊಂಟದಿಂದ ಬೀಗದಕೈ ಕಿತ್ತುಕೊಂಡಳು. ನಾದಿನಿ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು.

ಬೀಗ ತೆಗೆದು ಬಾಗಿಲು ತಳ್ಳಿದರೆ ಅದು ಅಲ್ಲಾಡಲಿಲ್ಲ. ಹೆಗಲು ಕೊಟ್ಟು ನೂಕಿದಳು. ಒಳಗೆ ಸೂರಿನವರೆಗೂ ಶೂಟಿಂಗಿಗೆ ತಂದಿದ್ದ ಪ್ಲಾಸ್ಟಿಕ್ ಗಿಡಗಳು. ಕ್ಲೀನು ಮಾಡಿಸಿದ್ದೂ ಇಲ್ಲ, ಮಣ್ಣೂ ಇಲ್ಲ. ಇಷ್ಟು ದಿನ ಆ ಹುಡುಗಿ ಸತ್ತು ಬದುಕಿದ್ದು ಈ ಗಿಡಗಳಿಗೋಸ್ಕರ!

"ಥೂ, ನಿಮ್ ಜನ್ಮಕ್ಕೆ!" ಬಾಯಿಬಡಕಿಯ ದನಿ ಮೊದಲ ಸಲ ಆ ಅಂಗಳದಲ್ಲಿ ಕೇಳಿಸಿತು. ಒಂದೊಂದೇ ಕುಂಡ ಹೊರಗೆ ಹಾರಿ ಬಂತು. ಒಂದು ಉರುಳುತ್ತ ಹೋಗಿ ಮುಂದಿನ ಸಾಲಿನ ಅತಿಥಿಯ ಬೂಟಿಗೆ ತಾಗಿ ನಿಂತಿತು. "ಏಯ್, ಹಿಡೀರೋ ಅವಳನ್ನ!" ಎಂದು ಧಣಿ ಕುರ್ಚಿಯಿಂದ ಎದ್ದ. ಹೆಂಗಸರೂ ಎದ್ದರು. ಕಕ್ಕಸಿನ ದಾರಿಗೆ ಅಡ್ಡ ನಿಂತರು.

ನಾದಿನಿ ಒಳಗೆ ಹೋದಳು. ಒಳಗಿನಿಂದ ಚಿಲಕ ಬಿತ್ತು. ಬಾಯಿಬಡಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಬೀಗದಕೈ ಮುಷ್ಟಿಯಲ್ಲಿತ್ತು. ಪರದೆಯ ಮೇಲಿನ ಜೇನು ದನಿ ಬನ್ನಿ, ಬನ್ನಿ ಎಂದು ಮುಗಿಯಿತು. ಮಗ್ಗವೂ ಇಲ್ಲ, ಮೈಕೂ ಇಲ್ಲ. ಆ ಮೌನದಲ್ಲಿ ಬಾಗಿಲಿನ ಹಿಂದಿನಿಂದ ತಡೆತಡೆದು ನೀರು ಬೀಳುವ ಸದ್ದು, ನಡುನಡುವೆ ಹಲ್ಲು ಕಚ್ಚಿ ನರಳುವ ಸದ್ದು ಅಂಗಳದಲ್ಲಿ ಕೂತಿದ್ದವರಿಗೆಲ್ಲ ಕೇಳಿಸುತ್ತಿತ್ತು.